ಕೌದಿ ಹೊದ್ದ ದ್ರಾಕ್ಷಿ

ಬಳ್ಳಿಗಳಿಗೆ ಹೊದಿಸಿದ್ದ ಕೌದಿಗಳ ಮೇಲಿನ ಹಿಮವನ್ನು ನಾನು ಸದ್ದಿಲ್ಲದೆ ಗುಡಿಸುತ್ತಿದ್ದೆ. ಒಂದು ಕಾಲಕ್ಕೆ ಬಿಸಿಲಿಗೆ ಹೆಸರಾಗಿದ್ದ ತಿಕೋಟಾದಲ್ಲಿ ಈಗ ದೀಪಾವಳಿಗೇ ಹಿಮ ಬೀಳುತ್ತದೆ. ಹಳೆಯ ಕೌದಿಗಳೆಲ್ಲ ತೋಟಕ್ಕೇ ಬರುತ್ತವೆ.

ವೈನಿಗಾಗುವ ಈ ಬಿಳಿ ದ್ರಾಕ್ಷಿಯನ್ನು ಕಸಿ ಕಟ್ಟಿದವಳು ನಾನು. ಬಳ್ಳಿ ಚಳಿಗೆ ಬಗ್ಗಲಿಲ್ಲ, ಆದರೆ ಹೋದ ವರ್ಷ ಹಣ್ಣು ಬರೀ ಹುಳಿ. ಈ ಸಲವೂ ಹುಳಿಯಾದರೆ ಕಡಿದು ಒಲೆಗೆ ಹಾಕುವುದೆಂದು ತೋಟದ ಹಿರಿಯರಾದ ಸಂಗನಬಸು ಕಾಕಾ ಹೇಳಿದ್ದರು. ಕಸಿ ಕಟ್ಟಿದವರು ಹಿರಿಯರಿಗಿಂತ ಮೊದಲು ಹಣ್ಣು ತಿನ್ನಬಾರದೆಂಬುದು ನಮ್ಮ ರೂಢಿ. ಹಾಗಾಗಿ ಈ ಸಲದ ರುಚಿ ನನಗೂ ಗೊತ್ತಿರಲಿಲ್ಲ.

ಕಾಕಾ ಕೊಡಲಿ ಹಿಡಿದೇ ಬಂದರು, ಹಿಂದೆ ನೀಲವ್ವ ಕಾಕಿ.

"ಏನವಾ ಮೂಕಿ, ನಿನ್ನ ಬಳ್ಳಿನೂ ನಿನ್ನಂಗ ಬಾಯಿ ಬಿಡಂಗಿಲ್ಲೇನು?" ಎಂದರು ಕಾಕಾ. ಮಾತು ಕಡಿಮೆಯೆಂದು ಅವರಿಗೆ ನಾನು ಯಾವಾಗಲೂ ಮೂಕಿಯೇ.

ನಾನು ಕೌದಿ ಸರಿಸಿದೆ. ಮಲ್ಲಿಗೆಯ ಹಾಗೆ ಘಮ್ಮೆಂದಿತು. ಹಿಮ ಶುರುವಾದ ಮೇಲೆ ಊರಿನಲ್ಲಿ ಮಲ್ಲಿಗೆ ಅರಳಿಯೇ ಇಲ್ಲ.

"ಅಯ್ಯ ನಮ್ಮವ್ವ! ನನ್ನ ಮದುವ್ಯಾಗಿನ ಮಲ್ಲಿಗಿ ದಂಡಿ ವಾಸನಿ!" ಎಂದು ಕಾಕಿ ಗೊಂಚಲಿಗೇ ಮುಖ ಹಚ್ಚಿದರು.

ಕಾಕಾ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಕೊಡಲಿಯನ್ನು ಹಿಮದೊಳಗೆ ಎಸೆದು ಎರಡೂ ಕೈಯಿಂದ ಬಿಡಿಸಿ ತಿನ್ನತೊಡಗಿದರು. ಕಾಕಿಯೂ ಬಿಡಲಿಲ್ಲ. ಗಲ್ಲ ಉಬ್ಬಿಸಿಕೊಂಡು ಇಬ್ಬರೂ ನಗುತ್ತಿದ್ದರು.

ನಾನು ಬಾಯಿ ಬಿಟ್ಟೆ.

"ಕಾಕಾ, ನನಗೂ ಒಂದು ಹಣ್ಣು ಕೊಡ್ರಿ."