ಐಹೊಳೆಯ ಡಬ್ಬಿ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಅವನ ಕ್ಯಾಮೆರಾ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ‘ನೀಲವ್ವ, ಐಹೊಳೆ’ ಎಂದು ಕೊರೆಸಿತ್ತು.

ಹಳೆಯ ಗುಡಿಗಳ ಚಿತ್ರ ತೆಗೆಯಲು ಅವನು ಪ್ರತಿ ತಿಂಗಳೂ ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತುತ್ತಿದ್ದ. ನನ್ನನ್ನು ಒಮ್ಮೆಯೂ ಕರೆದೊಯ್ಯಲಿಲ್ಲ. ಆ ಕಡೆಯ ಬಿಸಿಲು ನಿನಗೆ ಆಗುವುದಿಲ್ಲ ಎನ್ನುತ್ತಿದ್ದ.

ಆ ಬಿಸಿಲಿನಲ್ಲೇ ಹೋದೆ. ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು. ನಾನು ಒಂದು ಚಿಟಿಕೆ ಸಕ್ಕರೆಯನ್ನೂ ಹಾಕಲಿಲ್ಲ. ಅವನು ಬರೀ ಊಟದ ಗಿರಾಕಿ ಎಂಬ ಮಾತು ಅವಳ ಬಾಯಿಂದ ಬಂದರೆ ಸಾಕಿತ್ತು.

ಗುಡಿಯ ಎದುರಿನ ಮನೆಯಿಂದ ನನ್ನ ವಯಸ್ಸಿನವಳೇ ಹೊರಬಂದಳು.

“ನೀಲವ್ವ ನೀವೇನಾ? ಇದು ನಿಮ್ಮ ಡಬ್ಬಿ.”

“ಹೌದ್ರಿ. ದಾರಿಗೆ ರೊಟ್ಟಿ ಕಟ್ಟಿದ್ದೆ. ಅವರು ಬರಲಿಲ್ಲೇನ್ರಿ?”

“ಅವರು ಅಂದರೆ? ಊಟಕ್ಕೆ ಬರೋ ಗಿರಾಕಿಯಾ?”

“ಗಿರಾಕಿ ಅಲ್ರಿ ಅಕ್ಕಾರ. ಫೋಟೊ ತಗೀತಾರಲ್ರಿ, ಅವರು.”

“ಫೋಟೊ ತೆಗೆಯೋರು ಬೇಕಾದಷ್ಟು ಜನ ಬರ್ತಾರೆ. ಹೆಸರು ಹೇಳಿ.”

ಡಬ್ಬಿಯನ್ನು ಅವಳ ಕೈಗಿಟ್ಟೆ. ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು, ನೆಲ ನೋಡುತ್ತ ನಕ್ಕಳು.

“ಅವರ ಹೆಸರು ನಾ ಹ್ಯಾಂಗ ಹೇಳ್ಲಿರಿ?”