ಕಾಗೆ ಮುಟ್ಟಲಿಲ್ಲ

ತೀರಿಕೊಂಡ ಗಂಡನ ಫೋನಿನ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಫೋಟೋ, ದನಿ ಎಲ್ಲ ಅದರೊಳಗೇ ಸಿಕ್ಕಿಕೊಂಡಿದ್ದವು. ಸಂಜೆಯೊಳಗೆ ತೆರೆದುಕೊಡುತ್ತೇನೆಂದು ಮೊಬೈಲ್ ಅಂಗಡಿಯವನು ಹೇಳಿದ ಮೇಲೆ ಅವಳಿಗೆ ತುಸು ಜೀವ ಬಂದಿತ್ತು.

ಆದರೆ ಹೊಳೆಯ ದಂಡೆಯಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಲೇ ಇಲ್ಲ. ಬಿಸಿಲೇರಿದರೂ ಎದುರಿನ ಮರದ ಮೇಲೆ ಕೂತು ನೋಡುತ್ತಿತ್ತು, ಅಷ್ಟೆ.

“ಏನೋ ಆಸೆ ಉಳಿದಿದೆ. ಮಾತು ಕೊಡಿ,” ಎಂದರು ಪುರೋಹಿತರು.

“ಅಮ್ಮನ್ನ ಚೆನ್ನಾಗಿ ನೋಡ್ಕೋತೀನಪ್ಪಾ,” ಎಂದ ಮಗ. ಕಾಗೆ ಅಲುಗಲಿಲ್ಲ.

“ಅಣ್ಣನ ಜೊತೆ ಇನ್ನು ಜಗಳ ಆಡಲ್ಲಪ್ಪಾ,” ಎಂದು ಮಗಳು ಅತ್ತಳು. ಕಾಗೆ ಮುಖ ತಿರುಗಿಸಿತು.

ಹೆಂಡತಿ ಬಹಳ ಹೊತ್ತು ಆ ಕಾಗೆಯನ್ನೇ ನೋಡಿದಳು. ಕೊನೆಗೆ ಸೋತು ಕೈಮುಗಿದಳು.

“ಆಯ್ತು ರೀ. ನಿಮ್ಮ ಫೋನ್ ಓಪನ್ ಮಾಡಿಸಲ್ಲ.”

ಮಾತು ಮುಗಿಯುವ ಮೊದಲೇ ಕಾಗೆ ಪಿಂಡದ ಮೇಲಿತ್ತು.