ಉಜ್ಜಿದ ನಾಣ್ಯ

"ಯಾರ್ರೀ ಇದನ್ನ ಉಜ್ಜಿದ್ದು?" ಕೊಳ್ಳಲು ಬಂದಿದ್ದ ನಾಣ್ಯದ ವ್ಯಾಪಾರಿ ಭೂತಗನ್ನಡಿ ಕೆಳಗಿಟ್ಟ. "ಟಂಕಸಾಲೆಯಲ್ಲಿ ಅಚ್ಚು ಪಕ್ಕಕ್ಕೆ ಸರಿದಿರೋದು ನಿಜ, ಅಂಥದಕ್ಕೆ ಒಳ್ಳೆ ಬೆಲೇನೂ ಇದೆ. ಆದ್ರೆ ಹೀಗೆ ಉಜ್ಜಿದ್ಮೇಲೆ ಇದಕ್ಕೆ ಒಂದು ಚಾ ಕೂಡ ಬರಲ್ಲ."

ದರ್ಜಿ ಹಣೆ ಚಚ್ಚಿಕೊಂಡ. ವರ್ಷಗಟ್ಟಲೆ ಅಂಗಡಿಯ ಚಿಲ್ಲರೆ ಜಾಲಾಡಿ ಸಿಕ್ಕಿದ್ದ ಒಂದೇ ಒಂದು ತಪ್ಪಚ್ಚಿನ ನಾಣ್ಯ! ಹೊಸ ಹೊಲಿಗೆ ಯಂತ್ರದ ಆಸೆಯೆಲ್ಲ ಅದರ ಮೇಲೇ ಇತ್ತು.

"ಬಂದೋರಿಗೆ ಅಷ್ಟು ಕಪ್ಪಗಿರೋದನ್ನ ಹೇಗೆ ತೋರಿಸ್ತೀರಿ ಅಂತ ನಾನೇ..." ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ದನಿ ಉಡುಗಿತು. ಇಷ್ಟು ದಿನ ಅವನನ್ನು ಚಿಲ್ಲರೆ ಹುಚ್ಚ ಎಂದು ಆಡಿಕೊಳ್ಳುತ್ತಿದ್ದವಳು ಮೊದಲ ಸಲ ಅವನ ನಾಣ್ಯಕ್ಕಾಗಿ ಕೈ ನೋಯಿಸಿಕೊಂಡಿದ್ದಳು.

"ಅಷ್ಟೂ ಬುದ್ಧಿ ಬೇಡ್ವೇನಮ್ಮ?" ಎಂದು ವ್ಯಾಪಾರಿ ರೇಗಿದ. ದರ್ಜಿ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡ.

"ಅವಳನ್ನ ಯಾಕ್ರೀ ಬೈತೀರಿ? ಉಜ್ಜು ಅಂದೋನು ನಾನೇ."